ಓಡುವವನ ಕೈಯಲ್ಲೊಂದು ಸ್ಪ್ಯಾನರ್

ನಾನು ಓಡುವಾಗ ಕೈಯಲ್ಲಿ ಒಂದು ಸ್ಪ್ಯಾನರ್ ಹಿಡಿದುಕೊಂಡಿರುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮೂಡಿಗೆರೆ ಕಡೆಯ ರಸ್ತೆಯಲ್ಲಿ ನೀವು ಎಂದಾದರೂ ಬೆಳಗಿನ ಬಸ್ಸಿನಲ್ಲಿ ಹೋಗುವಾಗ, ಐವತ್ತು ದಾಟಿದ, ನೀಲಿ ಚಡ್ಡಿ ಹಾಕಿದ, ಕಾಲು ಒಂದು ತಾಳಕ್ಕೂ ಹೊಟ್ಟೆ ಇನ್ನೊಂದು ತಾಳಕ್ಕೂ ಕುಣಿಯುವ ಒಬ್ಬ ಮನುಷ್ಯ ಸ್ಪ್ಯಾನರ್ ಹಿಡಿದು ಎದುರಿಗೆ ಓಡಿಬರುವುದನ್ನು ಕಂಡಿದ್ದರೆ, ಅವನು ಯಾರದೋ ತಲೆ ಒಡೆಯಲು ಹೊರಟಿದ್ದಾನೆ ಎಂದುಕೊಂಡಿರಬಹುದು. ಹಾಗೇನಿಲ್ಲ. ಅದು ನಾನೇ. ಶುಗರ್ ಇಳಿಸುತ್ತಿದ್ದೇನೆ.

ಶುಗರ್ ಇಳಿಸಲು ಸ್ಪ್ಯಾನರ್ ಏಕೆ ಎಂದು ಕೇಳುವವರಿಗೆ ಒಂದು ಮಾತಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಅದರ ಹಿಂದೆ ಒಂದು ಮದುವೆ ಇದೆ, ಒಬ್ಬ ಭಾವ ಇದ್ದಾರೆ, ಹುರಿದ ಮೆಣಸಿನಕಾಯಿ ಇದೆ. ನಿಧಾನವಾಗಿಯೇ ಹೇಳುತ್ತೇನೆ. ನಿಧಾನ ನನಗೆ ತಡವಾಗಿ ಬಂದ ವಿದ್ಯೆ.

ಶಾಲೆಯ ವಿದ್ಯೆಯಂತೂ ಏಳನೇ ಕ್ಲಾಸಿಗೆ ನಿಂತಿತು. ಬಡತನದಿಂದ ಬಿಟ್ಟೆ ಎಂದರೆ ಜನ ಮರುಗುತ್ತಾರೆ, ಆದ್ದರಿಂದ ಹಾಗೆಯೇ ಹೇಳುತ್ತೇನೆ. ನಿಜವಾಗಿ ಬಿಟ್ಟದ್ದು ಭೂಗೋಳದ ಮೇಷ್ಟರ ಬೆತ್ತಕ್ಕೆ ಹೆದರಿ. ಅವರ ಹತ್ತಿರ ಕಲಿಯದ ಭೂಗೋಳವನ್ನು ಆಮೇಲೆ ಕಾಲಿನಿಂದ ಕಲಿತೆ. ಮೂಡಿಗೆರೆಯ ಒಂದು ವರ್ಕ್‌ಶಾಪಿನಲ್ಲಿ ಗ್ರೀಸು ಒರೆಸಲು ಸೇರಿದವನು ಹತ್ತು ವರ್ಷ ಕಳೆಯುವುದರೊಳಗೆ ಪಲ್ಪರ್ ರಿಪೇರಿಗೆ ಈ ಸೀಮೆಗೆಲ್ಲ ಹೆಸರಾದೆ. ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ಬೇರೆ ಮಾಡುವ ಯಂತ್ರ. ಕೊಯ್ಲಿನ ದಿನಗಳಲ್ಲಿ ಅದು ಕೆಟ್ಟು ನಿಂತರೆ ಕೊಯ್ದ ಹಣ್ಣು ರಾಶಿಯಲ್ಲೇ ಹುಳಿಯುತ್ತದೆ, ತೋಟದವರ ಮುಖವೂ ಹುಳಿಯುತ್ತದೆ. ಆಗ ನನ್ನನ್ನು ಕರೆದುಕೊಂಡು ಹೋಗಲು ಜೀಪು ಬರುತ್ತದೆ. ಅತ್ತಿಗುಂಡಿಯ ಮಂಜಿನಿಂದ ಕಳಸದ ಕಣಿವೆಯವರೆಗೆ ನಾನು ಬಿಚ್ಚಿ ಜೋಡಿಸದ ಪಲ್ಪರ್ ಇಲ್ಲ. ಇದು ಜಂಭದ ಮಾತು ಎಂದು ನಿಮಗೆ ಅನ್ನಿಸಿದರೆ ನಿಮ್ಮ ಎಣಿಕೆ ಸರಿಯಾಗಿದೆ.

ಕೊಯ್ಲಿನ ಮೂರು ತಿಂಗಳು ತಿರುಗಾಟ. ಅದು ಮುಗಿಯುವ ಹೊತ್ತಿಗೆ ನಮ್ಮ ಕಡೆ ಮದುವೆಗಳು ಶುರುವಾಗುತ್ತವೆ. ಇಡೀ ಸೀಮೆಗೆ ಪರಿಚಯವಾಗಿರುವುದರ ಕಷ್ಟ ಆಗ ಗೊತ್ತಾಗುತ್ತದೆ. ಪಲ್ಪರ್ ರಿಪೇರಿ ಮಾಡಿಸಿಕೊಂಡವರೆಲ್ಲ ಮದುವೆಗೆ ಕರೆಯುತ್ತಾರೆ. ಮದುವೆಗೆ ಹೋದರೆ ಗೃಹಪ್ರವೇಶಕ್ಕೆ, ಅದಕ್ಕೂ ಹೋದರೆ ಮಗುವಿನ ನಾಮಕರಣಕ್ಕೆ. ಎಲ್ಲ ಕಡೆಯೂ ಹೋಳಿಗೆ. ಒಂದೇ ಹೋಳಿಗೆ ತಿಂದು ಎದ್ದರೆ ಹೋದ ವರ್ಷದ ರಿಪೇರಿ ಸರಿಯಾಗಿ ಮಾಡಿಲ್ಲವೇನೋ ಎಂಬಂತೆ ನೋಡುತ್ತಾರೆ. ಹೀಗೆ ವರ್ಷಗಟ್ಟಲೆ ಮರ್ಯಾದೆ ಉಳಿಸಿಕೊಂಡದ್ದರ ಫಲವಾಗಿ ಒಂದು ದಿನ ಡಾಕ್ಟರು ರಕ್ತದ ಚೀಟಿ ನೋಡಿ, ದಿನಕ್ಕೊಂದು ಗಂಟೆ ನಡೆಯಬೇಕು ಎಂದರು.

ಅವರು ನಡೆಯಿರಿ ಎಂದರೇ ಹೊರತು ಓಡಿ ಎನ್ನಲಿಲ್ಲ. ಆದರೆ ಕೈ ಬೀಸಿಕೊಂಡು ಸುಮ್ಮನೆ ನಡೆಯುವುದು ರಿಟೈರಾದ ಆಫೀಸರುಗಳ ಕೆಲಸ ಎಂದು ನಾನು ತಿಳಿದಿದ್ದೆ. ನಾನು ದುಡಿಯುವ ಮನುಷ್ಯ. ಒಂದು ಗಂಟೆಯ ನಡಿಗೆಯನ್ನು ಅರ್ಧ ಗಂಟೆಯಲ್ಲಿ ಓಡಿ ಮುಗಿಸಿದರೆ ಉಳಿದರ್ಧ ಗಂಟೆ ಕೆಲಸಕ್ಕೆ ಸಿಗುತ್ತದಲ್ಲ. ಪೇಟೆಯಲ್ಲಿ ಒಂದು ಜೊತೆ ಕ್ಯಾನ್ವಾಸ್ ಶೂ ಕೊಂಡು ಓಡತೊಡಗಿದೆ. ತಿಂಗಳು ಕಳೆಯುವುದರೊಳಗೆ ಆಗಬಾರದ್ದು ಆಗಿಹೋಯಿತು. ಓಡುವುದು ನನಗೆ ಇಷ್ಟವಾಗಿಬಿಟ್ಟಿತು. ಕೆಲಸಕ್ಕೆ ಬಾರದ ಒಂದು ಕೆಲಸವನ್ನು ನಾನು ಖುಷಿಯಿಂದ ಮಾಡುತ್ತಿದ್ದೇನೆ ಎಂಬುದನ್ನು ಬಹಳ ದಿನ ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ಹೇಳಿಕೊಳ್ಳುವ ಹಾಗೂ ಇರಲಿಲ್ಲ. ನಮ್ಮ ಗುಡ್ಡಗಳಲ್ಲಿ ದೊಡ್ಡವರು ಓಡುವುದಕ್ಕೆ ಇರುವುದು ಮೂರೇ ಕಾರಣ: ಹೆಜ್ಜೇನು ಎದ್ದಿರಬೇಕು, ಆನೆ ಬಂದಿರಬೇಕು, ಇಲ್ಲವೇ ಕಣದಲ್ಲಿ ಕಾಫಿ ಹರವಿದಾಗ ಮೋಡ ಕಟ್ಟಿರಬೇಕು. ನಾಲ್ಕನೆಯ ಕಾರಣ ಜನರಿಗೆ ಗೊತ್ತಿಲ್ಲ. ಒಂದು ಬೆಳಿಗ್ಗೆ ಸೌದೆ ಹೊತ್ತು ಹೋಗುತ್ತಿದ್ದ ಇಬ್ಬರು ಹೆಂಗಸರು ನಾನು ಹಿಂದಿನಿಂದ ಓಡಿಬರುವುದನ್ನು ಕಂಡು, ಹೊರೆ ಅಲ್ಲೇ ಎಸೆದು ತಾವೂ ಓಡತೊಡಗಿದರು. ಏನೂ ಇಲ್ಲ, ನಿಲ್ಲಿ ಎಂದು ಹೇಳಲು ನಾನು ಇನ್ನೂ ಜೋರಾಗಿ ಓಡಿದೆ. ಅವರು ನನಗಿಂತ ಜೋರಾಗಿ ಓಡಿದರು. ಆ ದಿನದ ನನ್ನ ವೇಗವನ್ನು ಮತ್ತೆಂದೂ ಮುಟ್ಟಲು ಆಗಿಲ್ಲ. ಅವರನ್ನು ಮುಟ್ಟಲು ಆ ದಿನವೂ ಆಗಲಿಲ್ಲ.

ಇನ್ನೊಂದು ತೊಂದರೆ ಜೀಪುಗಳದ್ದು. ರಸ್ತೆಯಲ್ಲಿ ಪರಿಚಯದವರು ಕಂಡರೆ ನಿಲ್ಲಿಸಿ ಹತ್ತಿಸಿಕೊಳ್ಳುವುದು ನಮ್ಮ ಕಡೆಯ ರೂಢಿ. ಬೇಡ ಎಂದರೆ ಆ ಮನೆಯ ಮೇಲೆ ಏನೋ ಸಿಟ್ಟಿದೆ ಎಂದೇ ಅರ್ಥ. ಹಾಗಾಗಿ ಆರು ಕಿಲೋಮೀಟರ್ ಓಡಲು ಹೊರಟವನು ಒಂದೂವರೆ ಓಡಿ, ನಾಲ್ಕೂವರೆ ಜೀಪಿನಲ್ಲಿ ಕೂತು ಬರುತ್ತಿದ್ದೆ. ಶುಗರ್ ಇಳಿಯಲಿಲ್ಲ. ಊರಿನ ಸುದ್ದಿಯೆಲ್ಲ ತಿಳಿಯಿತು.

ಆಗ ಹೊಳೆದದ್ದು ಸ್ಪ್ಯಾನರ್. ಹದಿನಾರು-ಹದಿನೇಳು ನಂಬರಿನದು, ಕೈಗೆ ಹದವಾದ ತೂಕ. ಅದನ್ನು ಹಿಡಿದು ಓಡಿದರೆ ಎಲ್ಲರಿಗೂ ತಮ್ಮಷ್ಟಕ್ಕೆ ತಿಳಿಯುತ್ತಿತ್ತು: ಯಾರದೋ ಪಲ್ಪರ್ ನಿಂತಿದೆ, ಪಾಪ, ಮೇಸ್ತ್ರಿ ಓಡುತ್ತಿದ್ದಾನೆ. ಜೀಪು ನಿಂತರೆ ಪಕ್ಕದ ಕಾಲುದಾರಿ ತೋರಿಸಿ, ಇಲ್ಲೇ ಒಳಗೆ, ಜೀಪು ಹೋಗುವುದಿಲ್ಲ ಎನ್ನುತ್ತಿದ್ದೆ. ಓಡುವ ಹುಚ್ಚ ಎಂಬ ಹೆಸರು ಬರುವ ಬದಲು, ಇಂಥ ನಿಯತ್ತಿನ ಕೆಲಸಗಾರ ಇನ್ನೊಬ್ಬನಿಲ್ಲ ಎಂಬ ಹೆಸರು ಬಂತು. ನಾನೂ ಅದನ್ನು ನಂಬಿದೆ.

ಹೀಗೆ ತಿರುಗಾಟ, ಹೋಳಿಗೆ, ಓಟ ಮೂರನ್ನೂ ಸರಿದೂಗಿಸಿಕೊಂಡು ಹೋಗುತ್ತಿದ್ದೇನೆ ಎಂದು ಬೀಗುತ್ತಿದ್ದಾಗ ನಮ್ಮ ಮನೆಯಲ್ಲೇ ಮದುವೆ ಬಂತು. ಮಗಳು ಸವಿತಾಳದ್ದು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮಾರ್ಚ್ ತಿಂಗಳ ಕೊನೆಯ ಲಗ್ನ.

ಮದುವೆ ಮಾಡುವುದಕ್ಕಿಂತ ಮದುವೆಗೆ ಕರೆಯುವುದು ದೊಡ್ಡ ಕೆಲಸ. ಅಂಚೆಯಲ್ಲಿ ಕಾಗದ ಹಾಕಿದರೆ ಯಾರೂ ಬರುವುದಿಲ್ಲ, ಫೋನಿನಲ್ಲಿ ಕರೆದರೆ ಬೈದುಕೊಂಡು ಬರುವುದಿಲ್ಲ. ಗಂಡ ಹೆಂಡತಿ ಜೋಡಿಯಾಗಿ ಹೋಗಬೇಕು, ಚಪ್ಪಲಿ ಕಳಚಿ ಒಳಗೆ ಹೋಗಿ ಕೂರಬೇಕು, ನೀರು ಬೆಲ್ಲ ತೆಗೆದುಕೊಳ್ಳಬೇಕು, ಅವರ ಎಮ್ಮೆ ಕರು ಎಲ್ಲ ವಿಚಾರಿಸಿ ಮುಗಿದ ಮೇಲೆ ವೀಳ್ಯದೆಲೆ ಅಡಿಕೆಯ ಜೊತೆ ಕಾಗದ ಕೊಡಬೇಕು. ಅದರಲ್ಲೂ ಮೊದಲು ಕರೆಯಬೇಕಾದ ಮನೆ ಹುಡುಗಿಯ ಸೋದರಮಾವನದು. ಧಾರೆಯ ಹೊತ್ತಿಗೆ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತರುವವನು ಅವನೇ. ಅವನಿಲ್ಲದೆ ಅವಳು ಕೋಣೆಯಿಂದ ಹೊರಡುವ ಹಾಗಿಲ್ಲ.

ಸವಿತಾಳಿಗೆ ಇರುವುದು ಒಬ್ಬನೇ ಸೋದರಮಾವ, ನನ್ನ ಹೆಂಡತಿ ಸುಶೀಲಳ ಅಣ್ಣ ತಿಮ್ಮೇಗೌಡರು. ನಮ್ಮ ಮನೆಯಿಂದ ಅವರ ತೋಟಕ್ಕೆ ಏಳು ಕಿಲೋಮೀಟರ್. ದೊಡ್ಡ ಮೀಸೆ, ದೊಡ್ಡ ಗಂಟಲು, ಯಾರ ಎದುರಿಗೂ ಕಣ್ಣು ಒದ್ದೆ ಮಾಡಿಕೊಂಡವರಲ್ಲ. ನಾನು ಓಡುವ ವಿಷಯ ಅವರಿಗೆ ಗೊತ್ತಿರಲಿಲ್ಲ. ಬೇಕೆಂದೇ ಆ ದಿಕ್ಕಿಗೆ ಓಡುತ್ತಿರಲಿಲ್ಲ. ಹೆಣ್ಣು ಕೊಟ್ಟ ಮನೆಯ ಮುಂದೆ ಚಡ್ಡಿಯಲ್ಲಿ ಓಡುವುದು ಯಾವ ಅಳಿಯನಿಗೆ ಶೋಭೆ ಹೇಳಿ.

ಅವರನ್ನು ಗುರುವಾರ ಕರೆಯುವುದೆಂದು ಸುಶೀಲ ನಿಶ್ಚಯಿಸಿದ್ದಳು. ಆದರೆ ಗುರುವಾರ ಅವರು ಮನೆಯಲ್ಲಿರಬೇಕಲ್ಲ. ಗಾಳಿಗೆ ಮರ ಬಿದ್ದು ಫೋನು ಸತ್ತು ಎರಡು ವಾರವಾಗಿತ್ತು. ನಾನು ಯೋಚಿಸಿದೆ: ಮಂಗಳವಾರ ಬೆಳಿಗ್ಗೆ ಆ ಕಡೆಗೇ ಓಡಿದರೆ ಒಂದೇ ಏಟಿಗೆ ಎರಡು ಕೆಲಸ. ಭಾವನ ಮನೆ, ಅಲ್ಲಿಂದ ಒಳದಾರಿಯಲ್ಲಿ ಇನ್ನೂ ನಾಲ್ಕು ಮನೆ. ಎಲ್ಲ ಕಡೆಯೂ ಅಂಗಳದಲ್ಲೇ ನಿಂತು, ಇಂಥ ದಿನ ಕರೆಯಲು ಬರುತ್ತೇವೆ, ಮನೆಯಲ್ಲಿರಿ ಎಂದು ಹೇಳಿ ಮುಂದಕ್ಕೆ ಹೋಗುವುದು. ಕರೆಯುವುದಕ್ಕೆ ಮೊದಲೇ ಕರೆಯುವ ಈ ಏರ್ಪಾಡು ನನ್ನ ಸ್ವಂತದ್ದು. ಸ್ಪ್ಯಾನರ್ ತೆಗೆದುಕೊಳ್ಳಲಿಲ್ಲ. ಕೊಯ್ಲು ಮುಗಿದು ಪಲ್ಪರುಗಳೆಲ್ಲ ಗೋಣಿ ಹೊದ್ದು ಮಲಗಿದ್ದವು, ಶುಭಕಾರ್ಯದ ಹೊತ್ತಿನಲ್ಲಿ ಸುಳ್ಳು ಬೇಡ ಅನ್ನಿಸಿತು. ಜೀವನದಲ್ಲಿ ಒಂದು ದಿನ ಪ್ರಾಮಾಣಿಕನಾಗಲು ಹೋದೆ, ಆ ದಿನವೇ ಕೆಟ್ಟೆ.

ಭಾವನ ಮನೆ ತಲುಪಿದಾಗ ಅತ್ತಿಗೆ ಒಳಗೆ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದರು. ಘಾಟು ಅಂಗಳದವರೆಗೆ ಬಂದಿತ್ತು. ಅವರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಜಗಲಿಗೆ ಬಂದರು. ನಾನು ಶೂ ಕಳಚುವುದು ಯಾಕೆಂದು ಅಂಗಳದಲ್ಲೇ ನಿಂತೆ. ಗುರುವಾರದ ವಿಷಯ ಹೇಳಿದೆ. ಹೇಳುವಾಗ ಘಾಟಿಗೆ ಕೆಮ್ಮು ಬಂದು, ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡೆ. ಅತ್ತಿಗೆ ಚೊಂಬಿನಲ್ಲಿ ನೀರು ತಂದರು. ನಡುವೆ ನೀರು ಕುಡಿದರೆ ಓಟ ಕೆಡುತ್ತದೆ, ಬೇಡ ಎಂದು ಕೈಯಾಡಿಸಿದೆ. ಇನ್ನೂ ನಾಲ್ಕು ಮನೆಗೆ ತಿಳಿಸಬೇಕು ಎಂದು ಹೇಳಿ ತಿರುಗಿ ಓಡಿದೆ.

ಈಗ ಇದನ್ನೇ ಕೆಳಗಿನ ಕಣದಿಂದ ನೋಡಿ. ಭಾವ ಅಲ್ಲಿ ಆಳುಗಳ ಜೊತೆ ಕರಿಮೆಣಸು ಒಣಗಲು ಹರವಿಸುತ್ತಿದ್ದರು. ಅಲ್ಲಿಗೆ ಮಾತು ಕೇಳಿಸುವುದಿಲ್ಲ, ಅಂಗಳ ಮಾತ್ರ ಚೆನ್ನಾಗಿ ಕಾಣುತ್ತದೆ. ತಂಗಿಯ ಗಂಡ, ನಲವತ್ತೆಂಟು ವರ್ಷದ ಮನುಷ್ಯ, ಪಂಚೆ ಕೂಡ ಉಟ್ಟುಕೊಳ್ಳದೆ ಚಡ್ಡಿಯಲ್ಲಿ ಓಡಿಬರುತ್ತಾನೆ. ಮೆಟ್ಟಿಲು ಹತ್ತುವುದಿಲ್ಲ. ಏನೋ ಹೇಳುತ್ತಾನೆ, ಮುಖ ಮುಚ್ಚಿಕೊಳ್ಳುತ್ತಾನೆ. ತಮ್ಮ ಹೆಂಡತಿ ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಅವನು ನೀರು ಕೂಡ ಮುಟ್ಟದೆ ಓಡಿಹೋಗುತ್ತಾನೆ.

ನಮ್ಮಲ್ಲಿ ಸಾವಿನ ಸುದ್ದಿ ತರುವವನು ಬರುವುದೇ ಹೀಗೆ. ಅಂಗಳ ದಾಟುವುದಿಲ್ಲ, ನೀರು ಮುಟ್ಟುವುದಿಲ್ಲ, ಕೂರುವುದಿಲ್ಲ. ಮುಂದಿನ ಮನೆಗೆ ಓಡುತ್ತಾನೆ. ಇದು ನನಗೆ ಗೊತ್ತಿರಲಿಲ್ಲವೇ ಎಂದು ಆಮೇಲೆ ಎಲ್ಲರೂ ಕೇಳಿದರು. ಗೊತ್ತಿತ್ತು. ಓಡುವವನಿಗೆ ತಾನು ಹೇಗೆ ಕಾಣುತ್ತೇನೆ ಎಂಬುದೊಂದು ಗೊತ್ತಿರುವುದಿಲ್ಲ, ಅಷ್ಟೆ.

ಭಾವ ಮನೆಗೆ ಹತ್ತಿ ಹೋಗಿ ಕೇಳಲೂ ಇಲ್ಲ. ಕೇಳುವುದೇನು ಉಳಿದಿತ್ತು. ಕಣದ ಪಕ್ಕದ ಶೆಡ್ಡಿನಿಂದ ಜೀಪು ತೆಗೆದರು. ಮೆಣಸು ಹರವುತ್ತಿದ್ದ ನಾಲ್ಕು ಹೆಂಗಸರು, ಸುಶೀಲಳನ್ನು ಲಂಗದ ಕಾಲದಿಂದ ಕಂಡವರು, ಅಳುತ್ತಾ ಹಿಂದೆ ಹತ್ತಿದರು. ನಾನು ಒಳದಾರಿಯಲ್ಲಿ ಉಳಿದ ನಾಲ್ಕು ಮನೆಗೆ ಸುದ್ದಿ ಮುಟ್ಟಿಸುತ್ತಿದ್ದಾಗ ಅವರು ದೊಡ್ಡ ರಸ್ತೆಯಲ್ಲಿ ನಮ್ಮ ಮನೆ ತಲುಪಿದರು.

ಗೇಟಿನ ಒಳಗೆ ಅಂಗಳದಲ್ಲಿ ಹಸಿ ಬಿದಿರು ಬಿದ್ದಿತ್ತು. ಚಪ್ಪರಕ್ಕೆ ತರಿಸಿದ್ದು. ಮದುವೆಗೆ ಇನ್ನೂ ಎರಡು ವಾರವಿತ್ತು. ಇಷ್ಟು ಬೇಗ ಬಿದಿರು ಕಡಿಸುವುದು ಬೇಡ ಎಂದು ಸುಶೀಲ ಹೇಳಿಯೂ ಇದ್ದಳು. ಆದರೆ ಎಲ್ಲದರಲ್ಲೂ ನಾನು ಮುಂದೆ ಓಡುವವನಲ್ಲವೇ. ಸಾವಿನ ಸುದ್ದಿಯ ಹಿಂದೆಯೇ ಬಂದವನಿಗೆ ಅಂಗಳದ ಹಸಿ ಬಿದಿರು ಯಾವುದಕ್ಕೆ ತಂದದ್ದು ಎಂದು ಯಾರೂ ಹೇಳಬೇಕಾಗಿಲ್ಲ. ಭಾವ ಗೇಟಿನ ಹತ್ತಿರವೇ ಕುಸಿದು ಕೂತು ದೊಡ್ಡ ದನಿ ತೆಗೆದು ಅತ್ತರಂತೆ.

ಒಳಗೆ ದೋಸೆ ಹುಯ್ಯುತ್ತಿದ್ದ ಸುಶೀಲಳಿಗೆ ಅಣ್ಣನ ಅಳು ಕೇಳಿಸಿತು. ಅಣ್ಣ ಅಳುತ್ತಾ ಬಂದಿದ್ದಾನೆ, ತೌರುಮನೆಯ ಆಳುಗಳು ಎದೆ ಬಡಿದುಕೊಳ್ಳುತ್ತಿದ್ದಾರೆ. ಹೋದದ್ದು ಅತ್ತಿಗೆಯೇ ಎಂದು ತಿಳಿದು, ಸೌಟು ಹಿಡಿದುಕೊಂಡೇ ಓಡಿಬಂದು ಅಣ್ಣನನ್ನು ತಬ್ಬಿಕೊಂಡು ಅವಳೂ ಅಳತೊಡಗಿದಳು. ಭಾವ ಒಂದು ಗಳಿಗೆ ಅಳು ನಿಲ್ಲಿಸಿ ಅವಳನ್ನು ಮುಟ್ಟಿ ನೋಡಿದರು. ತಂಗಿ ಇದ್ದಾಳೆ. ಹಾಗಾದರೆ ಹೋದದ್ದು ಸವಿತಾ ಎಂದುಕೊಂಡು ಮೊದಲಿಗಿಂತ ಜೋರಾಗಿ ಅತ್ತರು. ಆಗ ಸವಿತಾ ಒಳಗಿನಿಂದ ಬಂದು, ಎಂತ ಆಯ್ತು ಮಾವ ಎಂದಳು.

ಅಲ್ಲಿಗೆ ಆ ಮನೆಯಲ್ಲಿ ಸಾಯಲು ಯಾರೂ ಉಳಿದಿರಲಿಲ್ಲ.

ಭಾವ ಎದ್ದು ಪಂಚೆ ಕೊಡವಿಕೊಂಡರಂತೆ. ಕೊಟ್ಟ ಕಾಫಿಯನ್ನು ಅರ್ಧ ಕುಡಿದು ಜೀಪು ಹತ್ತಿದರಂತೆ. ಆಳುಗಳ ಎದುರಿಗೆ, ಬದುಕಿರುವ ತಂಗಿಗಾಗಿ, ರಸ್ತೆಗೆ ಕೇಳುವ ಹಾಗೆ ಅತ್ತಿದ್ದರು. ನಾನು ಬೆವರು ಒರೆಸಿಕೊಳ್ಳುತ್ತಾ ಮನೆಗೆ ಬಂದಾಗ ದೋಸೆ ಸೀದ ವಾಸನೆ ಮಾತ್ರ ಇತ್ತು. ಆವತ್ತು ಒಳ್ಳೆಯ ಓಟ ಆಗಿತ್ತು. ಅದನ್ನೇ ಮೊದಲು ಹೇಳಿದೆ ಎಂದು ನೆನಪು.

ಮಾರನೆಯ ದಿನ ಅವರ ಜೀಪಿನ ಡ್ರೈವರ್ ಬಂದು ತಲೆ ತಗ್ಗಿಸಿ ಸುದ್ದಿ ಹೇಳಿದ. ಗೌಡರು ಧಾರೆಗೆ ಬರುವುದಿಲ್ಲವಂತೆ. ಹುಡುಗಿಯನ್ನು ಮಂಟಪಕ್ಕೆ ಕರೆತರಲು ಅವಳಪ್ಪನೇ ಇದ್ದಾನಲ್ಲ, ಓಡಿಸಿಕೊಂಡು ಬರಲಿ ಅಂದರಂತೆ.

ನನಗೆ ಸಿಟ್ಟು ಬಂತು. ನಾನು ಯಾರು ಸತ್ತರು ಎಂದು ಹೇಳಿದ್ದೇನೆ? ನೋಡಿ ತಪ್ಪು ತಿಳಿದವರು ಅವರು, ಕೇಳದೆ ಜೀಪು ಹತ್ತಿದವರು ಅವರು. ಇದನ್ನು ಜಗಲಿಯ ಮೇಲೆ ನಿಂತು ಎರಡು ಸಲ ಹೇಳಿದೆ. ಸುಶೀಲ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಅಣ್ಣಯ್ಯ ಅತ್ತಿದ್ದು ನಾನು ಕಂಡ ಹಾಗೆ ಎರಡೇ ಸಲ. ನನ್ನ ಮದುವೆ ದಿನ ಒಂದು, ನಿನ್ನೆ ಒಂದು. ಎರಡಕ್ಕೂ ನೀವೇ ಕಾರಣ" ಎಂದಳು.

ಅದಾದ ಮೇಲೆ ಅವಳು ನನ್ನ ಜೊತೆ ಮಾತಾಡುವುದನ್ನು ಮಗಳ ಮೂಲಕ ಮಾಡತೊಡಗಿದಳು. ನಾನು ಎದುರಿಗೇ ಕೂತಿದ್ದರೂ ಸವಿತಾ ಬಂದು, ಅಪ್ಪ ಊಟಕ್ಕೆ ಬರ್ತಾರಾ ಇಲ್ಲ ಓಡೋಕೆ ಹೋಗ್ತಾರಾ ಅಂತ ಅಮ್ಮ ಕೇಳ್ತಿದಾರೆ ಎನ್ನುತ್ತಿದ್ದಳು. ಆ ಸಂಜೆಯೇ ಅವಳು ತಾಯಿಯ ಮಾತಲ್ಲದೆ ತನ್ನದೇ ಒಂದು ಮಾತು ಸೇರಿಸಿದಳು. ಮಾವ ಬರದಿದ್ದರೆ ತಾನು ಕೋಣೆಯಿಂದ ಹೊರಡುವುದಿಲ್ಲ ಎಂದಳು. ದನಿ ಏರಿಸಲಿಲ್ಲ. ಆ ಹುಡುಗಿ ಚಿಕ್ಕಂದಿನಿಂದಲೂ ಮೆಲ್ಲಗೆ ಹೇಳಿದ್ದನ್ನೇ ಮಾಡುವವಳು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು, ಹೆದರಿಕೆ ಏರಿತು.

ಗುರುವಾರ ಜೋಡಿಯಾಗಿ ಹೋದರೆ ಭಾವ ಕಳಸಕ್ಕೆ ಹೋಗಿದ್ದರು. ಶನಿವಾರ ನಾನೊಬ್ಬನೇ ಕಳಸದ ಬಸ್ಸು ಹತ್ತಿದೆ. ಅವರು ಉಳಿಯುವ ನೆಂಟರ ಮನೆಯಲ್ಲಿ, ಈಗಷ್ಟೇ ಹೊರಟರು ಎಂದರು. ಅವರ ನೀರಿನ ಪಂಪು ಕೆಟ್ಟಿತ್ತು. ಅದನ್ನು ರಿಪೇರಿ ಮಾಡಿಕೊಟ್ಟು, ಕಡುಬು ತಿಂದು ಬಂದೆ. ಸೋಮವಾರ ಚಿಕ್ಕಮಗಳೂರಿನಲ್ಲಿದ್ದಾರೆ ಎಂದು ಕೇಳಿ ಅಲ್ಲಿಗೆ ಹೋದೆ. ಅಲ್ಲಿಯೂ ಸಿಗಲಿಲ್ಲ, ಹೋಟೆಲಿನಲ್ಲಿ ಪರಿಚಯದವರು ಸಿಕ್ಕಿ ಬಲವಂತ ಮಾಡಿ ಹೋಳಿಗೆ ತಿನ್ನಿಸಿದರು. ಒಂದು ವಾರ ನಾನು ಬಸ್ಸಿನಲ್ಲಿ ಓಡಿದಷ್ಟು ಕಾಲಿನಲ್ಲಿ ಯಾವತ್ತೂ ಓಡಿಲ್ಲ. ಮುಂದೆ ಅಷ್ಟೇ ವೇಗವಾಗಿ ಭಾವ ಓಡುತ್ತಿದ್ದರು. ಶುಗರ್ ಇಲ್ಲದ ಮನುಷ್ಯ, ನನಗಿಂತ ಚೆನ್ನಾಗಿ ಓಡುತ್ತಾರೆ ಅನ್ನಿಸಿತು.

ಮದುವೆಗೆ ಐದು ದಿನ ಉಳಿದಾಗ ಸುಶೀಲ ನೇರವಾಗಿ ನನ್ನ ಜೊತೆಯೇ ಮಾತಾಡಿದಳು. ನಾಳೆ ಬೆಳಿಗ್ಗೆ ಅಣ್ಣಯ್ಯನ ಮನೆಗೆ ಹೋಗುವುದು, ನಡೆದುಕೊಂಡು. ಜೀಪಿನ ಸದ್ದು ಕೇಳಿದರೆ ಅವನು ಹಿಂದಿನ ಬಾಗಿಲಿನಿಂದ ಹೋಗುತ್ತಾನೆ. ನೀವು ಓಡಿದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು.

ಬಿಳಿ ಪಂಚೆ, ಬಿಳಿ ಶರ್ಟು ಹಾಕಿ, ಕೈಯಲ್ಲಿ ವೀಳ್ಯದೆಲೆಯ ತಟ್ಟೆ ಹಿಡಿದು ಅವಳ ಜೊತೆ ಹೊರಟೆ. ಓಡಿದರೆ ಏಳು ಕಿಲೋಮೀಟರಿಗೆ ನನಗೆ ಮುಕ್ಕಾಲು ಗಂಟೆಯೇ ಹೆಚ್ಚು. ಅವಳಿಗೆ ಮೂರು ಗಂಟೆ ಹಿಡಿಯಿತು. ದಾರಿಯ ಪ್ರತಿ ಮನೆಯ ಮುಂದೆ ನಿಂತಳು. ಯಾರ ಸೊಸೆ ಬಸುರಿ, ಯಾರ ಮಲ್ಲಿಗೆ ಬಳ್ಳಿ ಹಬ್ಬಿದೆ ಎಲ್ಲ ವಿಚಾರಿಸಿದಳು. ಆ ಮಂಗಳವಾರ ನಾನು ಓಡಿ ದಾಟಿದ್ದ ಈ ರಸ್ತೆಯ ಪಕ್ಕದಲ್ಲಿ ಇಷ್ಟೊಂದು ಮನೆಗಳು ಇದ್ದಾವೆ ಎಂಬುದನ್ನು ಆವತ್ತು ನೋಡಿದೆ. ಮೊದಲ ಮಳೆ ಬಿದ್ದು ಕಾಫಿ ಹೂವು ಅರಳಿತ್ತು. ಗಿಡಗಳೆಲ್ಲ ಬೆಳ್ಳಗೆ. ಆ ವಾಸನೆಯನ್ನು ಓಡುವಾಗ ಉಸಿರಿನ ಜೊತೆ ಎಳೆದುಕೊಂಡು ಬಿಟ್ಟಿದ್ದೆನೇ ಹೊರತು ಮೂಸಿರಲಿಲ್ಲ.

ಒಂದು ತಿರುವಿನಲ್ಲಿ ದೂರಕ್ಕೆ ಬಾಬಾಬುಡನ್‌ಗಿರಿಯ ಸಾಲು ಕಂಡಿತು. ಈ ಎಲ್ಲ ಕಾಫಿಗೂ ಮೂಲ ಅಲ್ಲಿನ ಸಂತರು ದೂರದ ದೇಶದಿಂದ ಕಾವಲುಗಾರರ ಕಣ್ಣು ತಪ್ಪಿಸಿ ತಂದ ಏಳು ಬೀಜ ಎಂದು ಹಿರಿಯರು ಹೇಳುತ್ತಾರೆ. ನನಗೆ ಆಗ ಒಂದು ವಿಚಾರ ಹೊಳೆಯಿತು. ಅವರು ಓಡಿರಲಾರರು. ಓಡಿದ್ದರೆ ಯಾರಿಗಾದರೂ ಅನುಮಾನ ಬಂದು ತಡೆದು ನಿಲ್ಲಿಸುತ್ತಿದ್ದರು. ಏನೂ ಆಗಿಲ್ಲವೆಂಬಂತೆ ನಿಧಾನವಾಗಿ ನಡೆದೇ ಬಂದಿರಬೇಕು. ಅವರು ನನ್ನಂಥವರಾಗಿದ್ದರೆ ಇವತ್ತು ಈ ಗುಡ್ಡಗಳಲ್ಲಿ ರಾಗಿ ಬೆಳೆಯುತ್ತಿದ್ದೆವು. ಇದನ್ನು ಸುಶೀಲಳಿಗೆ ಹೇಳಿದೆ. ವಾರದ ಮೇಲೆ ಮೊದಲ ಸಲ ಅವಳು ನಕ್ಕಳು.

ಭಾವ ಕೆಳಗಿನ ಕಣದಲ್ಲೇ ಇದ್ದರು. ನಾವು ಗೇಟು ದಾಟುವುದನ್ನು ಕಂಡಿರಬೇಕು. ನನ್ನನ್ನು ಕಂಡು ಹೊರಡಲು ಎದ್ದವರು, ಪಕ್ಕದಲ್ಲಿ ತಂಗಿ ಕೊಡೆಯನ್ನು ಊರಿಕೊಂಡು ಏರು ಹತ್ತುತ್ತಿರುವುದನ್ನು ಕಂಡು ನಿಂತರೆಂದು ಆಮೇಲೆ ತಿಳಿಯಿತು. ನಾವು ಜಗಲಿ ಸೇರುವ ಹೊತ್ತಿಗೆ ಅವರೂ ಬಂದು ಕುರ್ಚಿಯಲ್ಲಿ ಕೂತಿದ್ದರು.

"ಬನ್ನಿ ಮೇಸ್ತ್ರಿಗಳೇ. ನಿಮಗೆ ಕೂರೋಕೆ ಪುರಸೊತ್ತು ಉಂಟಾ?" ಎಂದರು.

ಇಪ್ಪತ್ತೈದು ವರ್ಷ ನೀನು, ಮಾರಾಯ ಎಂದವರು ನೀವು ಎಂದರೆ ಬೈದದ್ದಕ್ಕಿಂತ ಹೆಚ್ಚು. ನಾನು ಚಪ್ಪಲಿ ಕಳಚಿದೆ. ಒಳಗೆ ಹೋಗಿ ಕೂತೆ. ಅತ್ತಿಗೆ ತಂದ ಚೊಂಬಿನ ನೀರನ್ನು ತಳ ಕಾಣುವವರೆಗೆ ಕುಡಿದೆ, ಬೆಲ್ಲ ತಿಂದೆ. ಇನ್ನೊಂದು ಚೊಂಬು ಕೊಟ್ಟಿದ್ದರೆ ಅದನ್ನೂ ಕುಡಿಯುತ್ತಿದ್ದೆ. ಅವರ ಎಮ್ಮೆಯ ಕುಶಲ ಕೇಳಿದೆ. ಭಾವ ಮುಖವನ್ನು ಅಂಗಳದ ಕಡೆ ತಿರುಗಿಸಿದರು. ಪಲ್ಪರ್ ಒಮ್ಮೆ ನೋಡಲೇ ಎಂದು ಕೇಳಿದೆ. ಮಿಷನ್ ನೆಟ್ಟಗಿದೆ ಎಂದರು. ನಾನು ಅಲ್ಲಿಯವರೆಗೆ ಯಾರ ಹತ್ತಿರವೂ ತಪ್ಪಾಯ್ತು ಎಂದವನಲ್ಲ. ತಪ್ಪು ಮಾಡಿದಲ್ಲೆಲ್ಲ ಒಂದು ರಿಪೇರಿ ಮಾಡಿಕೊಟ್ಟು ಬರುತ್ತಿದ್ದೆ. ಆ ಮನೆಯಲ್ಲಿ ರಿಪೇರಿಗೆ ಏನೂ ಇರಲಿಲ್ಲ.

ಅತ್ತಿಗೆ, ನಾನು ಮೆಣಸಿನಕಾಯಿ ಹುರಿಯುತ್ತಿದ್ದೆ ಎಂದು ಇವರಿಗೆ ಸಾವಿರ ಸಲ ಹೇಳಿದ್ದೇನೆ ಎಂದು ಸುಶೀಲಳ ಹತ್ತಿರ ದೂರುತ್ತಿದ್ದರು. ಭಾವ ಅಂಗಳ ನೋಡುತ್ತಾ ಕೂತಿದ್ದವರು ಮೆಲ್ಲಗೆ ಹೇಳಿದರು.

"ಕಾಲು ಗಂಟೆ ನನಗೆ ತಂಗಿ ಇರ್ಲಿಲ್ಲ ಮಾರಾಯ. ಇಲ್ಲಿಂದ ನಿಮ್ಮನೆ ತನಕ. ಹೋದ ಯುಗಾದಿಗೆ ಇವಳನ್ನ ಕರೀಲಿಲ್ಲ, ಮಳೆಗಾಲ ಮುಗೀಲಿ ಅಂತ ದೀಪಾವಳಿಗೂ ಕರೀಲಿಲ್ಲ. ಒಂದೊಂದು ತಿರುವಲ್ಲೂ ಒಂದೊಂದು ನೆನಪಾಯ್ತು. ಅಳು ಬಂದಿದ್ದು ಅದಕ್ಕೆ. ಜನ ನೋಡಿದ್ರು ಅಂತಲ್ಲ ನನಗೆ ಸಿಟ್ಟು."

ಒಳಗೆ ಹಾಲು ಉಕ್ಕುವ ಸದ್ದಾಯಿತು, ಅತ್ತಿಗೆಯೂ ಏಳಲಿಲ್ಲ.

"ತಪ್ಪಾಯ್ತು ಭಾವ" ಎಂದೆ. ಅಂದುಕೊಂಡಷ್ಟು ಕಷ್ಟವೇನೂ ಆಗಲಿಲ್ಲ.

ಭಾವ ಮೂಗು ಒರೆಸಿಕೊಂಡರು. ಆಮೇಲೆ ಅವರ ದೊಡ್ಡ ಗಂಟಲು ವಾಪಸು ಬಂತು. "ವರ್ಷಾವರ್ಷ ಬಂದು ನನಗೆ ಬುದ್ಧಿ ಹೇಳ್ತೀಯಲ್ಲ, ಪಲ್ಪರ್ ಜೋರು ತಿರುಗಿಸಬೇಡಿ, ಸಿಪ್ಪೆ ಜೊತೆ ಬೀಜನೂ ಕಚ್ಚುತ್ತೆ ಅಂತ. ಆ ಬುದ್ಧಿ ಬರೀ ಮಿಷನ್ನಿಗೋ, ಇಲ್ಲ ಮೇಸ್ತ್ರಿಗೂ ಒಂಚೂರು ಇದೆಯೋ?"

ಇನ್ನು ಮೇಲೆ ಓಡುವುದನ್ನೇ ಬಿಡುತ್ತೇನೆ ಎಂದೆ. ಆ ಹೊತ್ತಿನಲ್ಲಿ ಯಾವ ಮಾತು ಬೇಕಾದರೂ ಕೊಡಲು ತಯಾರಿದ್ದೆ. ಆಗ ಸುಶೀಲ, ಬಿಡುವುದೇನೂ ಬೇಡ, ಓಡಿ ಬಂದ ದಿನ ಸಿಡಿಮಿಡಿ ಕಮ್ಮಿ ಇರುತ್ತದೆ ಎಂದಳು. ಅಷ್ಟು ದಿನ ಗುಟ್ಟು ಮಾಡಿದ್ದ ನನ್ನ ಖುಷಿ ಅವಳಿಗೆ ಮೊದಲಿನಿಂದ ಗೊತ್ತಿತ್ತು. ಕೊಯ್ಲಿನ ದಿನಗಳಲ್ಲಿ ನಾನು ಸ್ಪ್ಯಾನರ್ ಹಿಡಿದು ಊರಿಗೆಲ್ಲ ಮಂಕುಬೂದಿ ಎರಚುವುದನ್ನೂ ಅವಳೇ ಅಣ್ಣನಿಗೆ ವಿವರಿಸಿದಳು. ಭಾವ ಕುರ್ಚಿ ಅಲ್ಲಾಡುವ ಹಾಗೆ ನಕ್ಕರು. ನಕ್ಕು ಮುಗಿದ ಮೇಲೆ, ಇನ್ನು ಮೇಲೆ 'ಯಾರಾದರೂ ಸತ್ತರೆ ನಡ್ಕೊಂಡು ಬಾ' ಎನ್ನುತ್ತಾರೇನೋ ಎಂದು ನಾನು ಕಾಯುತ್ತಿದ್ದೆ. ಅವರು ಹೇಳಿದ್ದು ಬೇರೆ.

"ಓಡು ಮಾರಾಯ, ಯಾರು ಬೇಡ ಅಂದ್ರು. ಆದ್ರೆ ಎಲ್ಲಿ ಓಡಿದ್ರೂ, ಯಾವ ಕಾಲದಲ್ಲಿ ಓಡಿದ್ರೂ ಆ ಸ್ಪ್ಯಾನರ್ ಕೈಲಿರ್ಲಿ. ಅದು ಕಂಡ್ರೆ ಕೆಟ್ಟಿರೋದು ಮಿಷನ್ನು, ಮನುಷ್ಯರು ನೆಟ್ಟಗಿದಾರೆ ಅಂತ ನಾನು ತಿಳ್ಕೊಂತೀನಿ."

ವೀಳ್ಯದೆಲೆಯ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಮದುವೆಯ ದಿನ ಭಾವ ಸವಿತಾಳ ಕೈ ಹಿಡಿದು ಕೋಣೆಯಿಂದ ಮಂಟಪಕ್ಕೆ ಹೊರಟರು. ಇಪ್ಪತ್ತು ಹೆಜ್ಜೆಯ ದಾರಿ. ಭೂಮಿ ತೂಕ ನೋಡುವವರಂತೆ ಒಂದೊಂದೇ ಹೆಜ್ಜೆ ಇಟ್ಟರು. ಪುರೋಹಿತರು ಮುಹೂರ್ತ ಮೀರುತ್ತದೆ, ಸ್ವಲ್ಪ ಬೇಗ ಎಂದರು. ಓಡೋಕೆ ಅವಳಪ್ಪ ಇದಾನೆ, ನಾನು ಮಾವ ಎಂದರು ಭಾವ, ಚಪ್ಪರದ ಕೊನೆಯವರಿಗೂ ಕೇಳುವ ಹಾಗೆ. ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ಉಳಿದ ನಾಲ್ಕು ಮನೆಯವರೂ ಅಲ್ಲಿದ್ದರು. ಆ ಮಂಗಳವಾರ ಅವರಲ್ಲಿ ಒಬ್ಬರು, ನನ್ನ ಏದುಸಿರಿನಲ್ಲಿ ಮಾತು ಸರಿಯಾಗಿ ಕೇಳಿಸದೆ, ಸಾವಿನ ಮನೆಗೆಂದು ಹೂವಿನ ಹಾರಕ್ಕೆ ಹೇಳಿಯೇಬಿಟ್ಟಿದ್ದರೆಂದು ಆವತ್ತು ಗೊತ್ತಾಯಿತು.

ಇದೆಲ್ಲ ಆಗಿ ಎಂಟೊಂಬತ್ತು ವರ್ಷ ಕಳೆಯಿತು. ಈಗ ಮೊಬೈಲ್ ಬಂದಿದೆ, ಗುಡ್ಡ ಹತ್ತಿ ನಿಂತರೆ ಮಾತು ಸಿಗುತ್ತದೆ. ಓಡುವವರೂ ಹೆಚ್ಚಾಗಿದ್ದಾರೆ, ಬೆಂಗಳೂರಿನಿಂದ ಬಂದು ಹೋಂಸ್ಟೇಯಲ್ಲಿ ಉಳಿದವರು ಬಣ್ಣಬಣ್ಣದ ಶೂ ಹಾಕಿಕೊಂಡು ಓಡುತ್ತಾರೆ, ಅವರನ್ನು ಕಂಡು ಸೌದೆ ಹೊರೆ ಯಾರೂ ಎಸೆಯುವುದಿಲ್ಲ. ಹೋದ ವರ್ಷ ಚಿಕ್ಕಮಗಳೂರಿನಲ್ಲಿ ಯಾರೋ ಓಟದ ಸ್ಪರ್ಧೆ ಇಟ್ಟಿದ್ದರು. ಸವಿತಾ ಹೆಸರು ಕೊಟ್ಟು ಬಂದಿದ್ದಳು, ಹೋದೆ. ಗೆರೆಯ ಹತ್ತಿರ ಪೀಪಿ ಹಿಡಿದು ನಿಂತಿದ್ದ ಹುಡುಗಿ ನನ್ನ ಕೈ ನೋಡಿ, ಅಂಕಲ್ ಇದನ್ನು ಇಲ್ಲೇ ಇಟ್ಟು ಹೋಗಿ, ಭಾರ ಆಗುತ್ತದೆ ಎಂದಳು. ನಾನು ಬೇಡ ಎಂದೆ.

ರಸ್ತೆಯ ಪಕ್ಕದಲ್ಲಿ, ಎಪ್ಪತ್ತು ದಾಟಿದ ಭಾವ ಮಡಚುವ ಕುರ್ಚಿ ಹಾಕಿಕೊಂಡು ತಂಗಿಯ ಜೊತೆ ಕೂತಿದ್ದರು. ಈಗ ಅವರಿಗೆ ದೂರದ್ದು ಸರಿಯಾಗಿ ಕಾಣುವುದಿಲ್ಲ. ನನಗಿಂತ ಮುಂದೆ ಎಲ್ಲರೂ ಹೋಗಿ ಮುಗಿದ ಮೇಲೆ ನಾನು ಬಂದೆ. ಅವರ ಮುಂದೆ ಹಾಯುವಾಗ, ಬಿಸಿಲಿಗೆ ಹೊಳೆಯುವ ಹಾಗೆ, ಸ್ಪ್ಯಾನರನ್ನು ಒಂದಿಷ್ಟು ಮೇಲೆತ್ತಿ ಹಿಡಿದೆ.